ಶವವಾಹನಕ್ಕೊಂದು ರಿಯಾಲಿಟಿ ಶೋ

ಚಂದಾ ಎತ್ತುವ ವಿದ್ಯೆ ನನಗೆ ಕರಗತವಾಗಿದೆ ಎಂಬ ನಂಬಿಕೆ ನನಗೆ ಸುಮಾರು ಒಂದು ತಿಂಗಳ ಕಾಲ ಇತ್ತು. ಆ ತಿಂಗಳು ಬಹಳ ಸುಖವಾಗಿ ಕಳೆಯಿತು. ಆಮೇಲೆ ನಾನು ಕಾರ್ಯಕ್ರಮ ಮಾಡಿದೆ!

ನಾನು ಕೆಜಿಎಫ್ ಪಟ್ಟಣದ ರಾಬರ್ಟ್‌ಸನ್‌ಪೇಟೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ನಿವೃತ್ತರಾದವರು ಸುಮ್ಮನೆ ಕೂತಿದ್ದರೆ ಊರಿನವರಿಗೆ ನಿದ್ದೆ ಬರುವುದಿಲ್ಲ. ಹೀಗಾಗಿ ನನ್ನನ್ನು ಹಿಡಿದು ಒಂದು ಸಂಘದ ಕಾರ್ಯದರ್ಶಿಯನ್ನಾಗಿ ಮಾಡಿದರು. ಸಂಘದ ಬಳಿ ಇದ್ದ ಆಸ್ತಿ ಒಂದೇ: ಒಂದು ಶವವಾಹನ. ಆಸ್ಪತ್ರೆಯಲ್ಲಿ ತೀರಿಕೊಂಡ ಬಡವರನ್ನು ಬಂಗಾರಪೇಟೆ, ಕೆಜಿಎಫ್ ಸುತ್ತಮುತ್ತಲ ಹಳ್ಳಿಗಳಿಗೆ ಬಿಡಿಗಾಸು ಕೇಳದೆ ತಲುಪಿಸುವುದು ನಮ್ಮ ಕೆಲಸ. ಖಾಸಗಿ ಗಾಡಿಯವರು ಹೇಳುವ ಬಾಡಿಗೆ ಕೇಳಿದರೆ ಕೂಲಿ ಮಾಡುವ ಮನೆಗಳಲ್ಲಿ ಇನ್ನೊಬ್ಬರು ಎದೆ ಹಿಡಿದುಕೊಳ್ಳಬೇಕು. ಅದಕ್ಕೇ ನಮ್ಮ ಗಾಡಿಗೆ ಬಿಡುವೇ ಇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಗಾಡಿಯ ಡ್ರೈವರ್ ಸೆಲ್ವಂ ನಮ್ಮ ಮನೆ ಬಾಗಿಲಿಗೆ ಬಂದು ನಿಂತ. ಊರಿಗಾಂ ಗಣಿ ಕಾರ್ಮಿಕರ ಲೈನು ಮನೆಗಳಲ್ಲಿ ಹುಟ್ಟಿ ಬೆಳೆದವನು. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ದುಃಖ ಬಂದರೆ ತಮಿಳಿನಲ್ಲಿ ಮುಗಿಸುತ್ತಾನೆ.

"ಸಾರ್, ನಮ್ ಗಾಡಿ... ಪೋಚ್ಚು ಸಾರ್!"

"ಹೋಯ್ತು ಅಂದರೆ? ಕಳ್ಳತನವಾ?"

"ಶವದ ಗಾಡಿ ಯಾರ್ ಸಾರ್ ಕದೀತಾರೆ? ಇಂಜಿನ್ ಸೀಜು. ಇಷ್ಟ್ ವರ್ಷ ಎಲ್ಲಾರ್ನೂ ಇದು ತಗೊಂಡೋಯ್ತು. ಈಗ ಇದನ್ನ ಯಾರ್ ತಗೊಂಡೋಗೋದು?"

ಮೆಕ್ಯಾನಿಕ್ ನೋಡಿ, ಬೇರೆ ಇಂಜಿನ್ನೇ ಹಾಕಬೇಕು ಎಂದ. ಸರಿ, ನಾನೂ ನಮ್ಮ ಸಂಘದ ಅಧ್ಯಕ್ಷ ಚೌಡಪ್ಪನವರೂ ಚಂದಾಕ್ಕೆ ಹೊರಟೆವು. ಚೌಡಪ್ಪನವರು ಬಂಗಾರಪೇಟೆ ಹತ್ತಿರದ ಹಳ್ಳಿಯವರು. ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ಸುತ್ತಲ ಹಳ್ಳಿಗಳ ಹಾಲು ಸಾಗಿಸಲು ಒಂದು ಟೆಂಪೋವನ್ನೂ ಇಟ್ಟುಕೊಂಡಿದ್ದಾರೆ. ಬಹಳ ಸಾಧು ಮನುಷ್ಯ.

ಮೊದಲನೇ ಮನೆಯಲ್ಲಿ ಮಗುವಿಗೆ ನಾಮಕರಣ ನಡೆಯುತ್ತಿತ್ತು. "ಇವತ್ತೇ ಬರಬೇಕಿತ್ತಾ?" ಎಂದು ಮನೆಯಾಕೆ ಬಾಗಿಲಲ್ಲೇ ಕೈಮುಗಿದು ಕಳಿಸಿದರು. ಎರಡನೇ ಮನೆಯ ಜಗಲಿಯ ಮೇಲೆ ಒಬ್ಬ ಅಜ್ಜ ಗೋಡೆಗೆ ಒರಗಿ ಕೂತಿದ್ದರು. ನಾವು ಬಂದ ಕಾರಣ ಹೇಳಿದ್ದೇ ತಡ, ಪಟ್ಟನೆ ಎದ್ದು ನಿಂತು, "ನಾನ್ ಸೆಂದಾಗೇ ಇವ್ನಿ!" ಎಂದು ಕೂಗಿದರು. ನಿಂತಿದ್ದು ಸಾಲದೆಂದು ಅಂಗಳದಲ್ಲಿ ಎರಡು ಸುತ್ತು ನಡೆದೂ ತೋರಿಸಿದರು.

"ಮೇಷ್ಟ್ರೇ, ನಮ್ಮನ್ನ ನೋಡಿದ್ರೆ ಜನ ಯಮನ ಕಡೆಯೋರು ಅಂದ್ಕೊತಾರೆ," ಎಂದರು ಚೌಡಪ್ಪ, ಬೇಸರದಿಂದ.

ಆ ಸಂಜೆ ಸೋತು ಮನೆಗೆ ಬಂದರೆ ನನ್ನ ಹೆಂಡತಿ ಪದ್ಮ ಟಿವಿ ಮುಂದೆ ಕೂತು ಗಳಗಳನೆ ಅಳುತ್ತಿದ್ದಳು. ಗಾಬರಿಯಾಯಿತು.

"ಯಾರು ಹೋದರು?"

"ಸುಮ್ನಿರಿ! ಆ ಹುಡುಗ ಹೊರಗೆ ಹೋಗ್ತಾನೇನೋ ಅಂತ ನಂಗೆ ಜೀವ ಬಾಯಿಗೆ ಬಂದಿದೆ!"

ಹಾಡಿನ ರಿಯಾಲಿಟಿ ಶೋ. ಆ ಹುಡುಗ ಯಾರೆಂದು ನಮಗೆ ಗೊತ್ತಿಲ್ಲ. ಅವನ ಊರು ನಕ್ಷೆಯಲ್ಲಿ ಎಲ್ಲಿದೆಯೆಂದೂ ಗೊತ್ತಿಲ್ಲ. ಸೊಪ್ಪಿನವಳ ಹತ್ತಿರ ಕೊತ್ತಂಬರಿ ಕಟ್ಟಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ನನ್ನ ಹೆಂಡತಿ ಆ ಹುಡುಗನಿಗಾಗಿ ತನ್ನ ಫೋನಿನಿಂದ ಓಟು ಕಳಿಸಿದಳು. ಸಾಲದೆಂದು ನನ್ನ ಫೋನನ್ನೂ ಕಿತ್ತುಕೊಂಡು ಅದರಿಂದಲೂ ಕಳಿಸಿದಳು!

ನನಗೆ ಕುತೂಹಲ ಹತ್ತಿಕೊಂಡಿತು. ನಾವು ಕೈಮುಗಿದು ಕೇಳಿದರೆ ಬಾಗಿಲು ಹಾಕುತ್ತಾರೆ. ಇವರು ಏನನ್ನೂ ಕೇಳದಿದ್ದರೂ ಜನ ಮೈಮೇಲೆ ಬಿದ್ದು ಕೊಡುತ್ತಾರೆ. ಇದರ ಗುಟ್ಟೇನು? ಅಂದಿನಿಂದ ನಾನು ಪದ್ಮಳ ಪಕ್ಕದಲ್ಲೇ ಕೂತು ಶೋಗಳನ್ನು ಅಧ್ಯಯನ ಮಾಡತೊಡಗಿದೆ. ಹಾಡಿನದು, ಕುಣಿತದ್ದು, ಅಡುಗೆಯದು, ಒಂದೇ ಮನೆಯಲ್ಲಿ ಕೂಡಿಹಾಕಿ ಜಗಳವಾಡಿಸುವುದು, ಯಾವುದನ್ನೂ ಬಿಡಲಿಲ್ಲ. ನೋಡ ನೋಡುತ್ತ ಒಂದೊಂದೇ ಹೊಳೆಯಿತು. ಮೊದಲು ಕಣ್ಣೀರಿನ ಕಥೆ, ಹಿಂದೆ ಪಿಟೀಲು. ಆಮೇಲೆ ಜನರಿಗೆ ತಮ್ಮವರು, ಎದುರಿನವರು ಎಂದು ಎರಡು ಪಕ್ಷ. ಫಲಿತಾಂಶ ಹೇಳುವ ಹೊತ್ತಿಗೆ ಉಸಿರು ಬಿಗಿಹಿಡಿಸಿ ಒಂದು ವಿರಾಮ. ಕೊನೆಗೆ ಪರದೆಯ ಹಿಂದಿನಿಂದ ಯಾರೂ ನಿರೀಕ್ಷಿಸದ ಒಂದು ಅಚ್ಚರಿ.

"ಇಷ್ಟೇ!" ಎಂದೆ ಸಂಘದ ಸಭೆಯಲ್ಲಿ. "ಇಷ್ಟು ದಿನ ನಾವು ಭಿಕ್ಷೆ ಬೇಡಿದೆವು. ಇನ್ನು ಮುಂದೆ ಶೋ ಮಾಡುತ್ತೇವೆ."

ಚೌಡಪ್ಪ ತಲೆ ಕೆರೆದುಕೊಂಡರು. "ಶವದ್ ಗಾಡಿಗೆ ಡ್ಯಾನ್ಸಾ ಮೇಷ್ಟ್ರೇ?"

"ಅಧ್ಯಕ್ಷರೇ, ಇದು ಕಾಲದ ಕರೆ," ಎಂದೆ ಗಂಭೀರವಾಗಿ. ಕಾಲ ಕರೆಯುವುದೆಂದರೆ ನಮ್ಮ ಸಂಘದಲ್ಲಿ ಬೇರೆ ಅರ್ಥವಿದೆ ಎಂಬುದು ಆಗ ಹೊಳೆಯಲಿಲ್ಲ.

ರಾಬರ್ಟ್‌ಸನ್‌ಪೇಟೆಯ ಒಂದು ಕಲ್ಯಾಣ ಮಂಟಪವನ್ನು ಗೊತ್ತು ಮಾಡಿದೆವು. ಶವವಾಹನ ಎಂದರೆ ಮಾಲೀಕರು ಕೊಡುವುದಿಲ್ಲವೆಂದು "ಪ್ರತಿಭಾ ಸ್ಪರ್ಧೆ" ಎಂದು ಹೇಳಿದೆ. "ಸಾಯಂಕಾಲ ರಿಸೆಪ್ಷನ್ ಇದೆ, ಗಂಡಿನ ಕಡೆಯೋರು ಆಂಧ್ರದ ಕುಪ್ಪಂ ಕಡೆಯಿಂದ ಬರ್ತಾರೆ. ನಾಲ್ಕು ಗಂಟೆಗೆ ಖಾಲಿ ಮಾಡಬೇಕು," ಎಂದರು ಮಾಲೀಕರು. ಮಾಡೋಣ, ಅದಕ್ಕೇನಂತೆ!

ಮೂರು ತಂಡಗಳು ಸಿದ್ಧವಾದವು: ಊರಿಗಾಂ ಹುಡುಗರ ಕುಣಿತದ ತಂಡ, ಚೌಡಪ್ಪನವರ ಹಳ್ಳಿಯ ಕೋಲಾಟದ ತಂಡ, ನಮ್ಮ ಬೀದಿಯ ಹೆಂಗಸರ ಭಜನಾ ತಂಡ. ಭಜನಾ ತಂಡದ ನಾಯಕಿ ಪದ್ಮ. ಪ್ರತಿ ತಂಡಕ್ಕೂ ಒಂದೊಂದು ಎಣ್ಣೆ ಡಬ್ಬ. ಹತ್ತು ರೂಪಾಯಿ ಹಾಕಿದರೆ ಒಂದು ಓಟು. ಡಬ್ಬಗಳಿಗೆ ನಾನೇ ಬಣ್ಣ ಬಳಿದು ಹೂಬಳ್ಳಿ ಬರೆದೆ. ಡ್ರಾಯಿಂಗ್ ಮೇಷ್ಟ್ರ ವಿದ್ಯೆ ಎಲ್ಲಿಗೆ ಹೋಗಬೇಕು!

ಕಣ್ಣೀರಿಗೆ ವೆಂಕಟಮ್ಮನನ್ನು ಆರಿಸಿದೆ. ಚೌಡಪ್ಪನವರ ಹಳ್ಳಿಯಲ್ಲಿ ಕೂಲಿ ಮಾಡುವ ಹೆಂಗಸು. ಹೋದ ವರ್ಷ ಆಕೆಯ ಗಂಡನನ್ನು ಆಸ್ಪತ್ರೆಯಿಂದ ಊರಿಗೆ ತಂದದ್ದು ನಮ್ಮ ಗಾಡಿಯೇ.

"ವೇದಿಕೆ ಮೇಲೆ ಸ್ವಲ್ಪ ಅಳಬೇಕಮ್ಮ," ಎಂದು ಮೆತ್ತಗೆ ಹೇಳಿದೆ.

ಆಕೆ ನನ್ನನ್ನೇ ಆಶ್ಚರ್ಯದಿಂದ ನೋಡಿದಳು. "ಅತ್ತಿದ್ದಾಯ್ತಲ್ಲ ಸಾಮಿ. ಮತ್ಯಾಕ್ ಅಳೋದು?"

"ಜನರಿಗೋಸ್ಕರ."

"ಜನ ನಂಗೋಸ್ಕರ ಅತ್ರಾ?"

ಪಿಟೀಲು ಕೇಳಿದರೆ ತಾನಾಗಿಯೇ ಅಳು ಬರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಅಚ್ಚರಿಯ ಏರ್ಪಾಡು ಮಾತ್ರ ನನ್ನ ಹೆಮ್ಮೆಯದು. ನಿಂತುಹೋದ ಗಾಡಿಯನ್ನು ಚೌಡಪ್ಪನವರ ಹಾಲಿನ ಟೆಂಪೋಗೆ ಹಗ್ಗ ಕಟ್ಟಿ ಎಳೆತಂದು ಮಂಟಪದ ಬಾಗಿಲಿಗೆ ಸರಿಯಾಗಿ ನಿಲ್ಲಿಸಿದೆವು. ಜನಕ್ಕೆ ಅಪಶಕುನ ಅನ್ನಿಸಬಾರದೆಂದು ಮೈತುಂಬ ಚೆಂಡುಹೂವಿನ ಹಾರ, ಸೀರಿಯಲ್ ಸೆಟ್ ದೀಪ. "ಶವ ವಾಹನ" ಎಂದು ಬರೆದಿದ್ದ ಕಡೆಗೆಲ್ಲ ಸೇರಿಸಿ ಒಂದು ಕೆಂಪು ಪರದೆ. ಪರದೆಗೆ ಕಟ್ಟಿದ ಹಗ್ಗವನ್ನು ಕಿಟಕಿಯಿಂದ ಒಳಗೆ ತಂದು ವೇದಿಕೆಯ ಮೇಲೆ ನನ್ನ ಕೈಗೆ ಸಿಗುವಂತೆ ಕಟ್ಟಿದೆ. ಕೊನೆಯಲ್ಲಿ ನಾನು ಹಗ್ಗ ಎಳೆಯಬೇಕು, ಪರದೆ ಬೀಳಬೇಕು, ಕಿಟಕಿಯಿಂದ ನೋಡಿದ ಜನ ಎದ್ದು ನಿಂತು ಚಪ್ಪಾಳೆ ತಟ್ಟಬೇಕು.

"ಮದುವೆ ಕಾರ್ ತರಾ ಕಾಣಸ್ತೈತೆ ಸಾರ್," ಎಂದ ಸೆಲ್ವಂ.

"ಅದೇ ಬೇಕಾಗಿದ್ದು!" ಎಂದೆ.

ಕಾರ್ಯಕ್ರಮದ ದಿನ ಮಂಟಪ ಕಿಕ್ಕಿರಿಯಿತು. ನಾನು ಟಿವಿಯವರ ಹಾಗೆಯೇ ಮೈಕು ಹಿಡಿದು, "ಇದು ಹಾಡಿನ ವೇದಿಕೆಯಲ್ಲ, ಹೃದಯಗಳ ವೇದಿಕೆ!" ಎಂದೆ. ಚಪ್ಪಾಳೆ ಬಿತ್ತು. ಹಾಲು ಕುಡಿದಷ್ಟು ಸಂತೋಷವಾಯಿತು.

ವೆಂಕಟಮ್ಮ ಬಂದಳು. ಸ್ಪೀಕರಿನ ಹಿಂದೆ ಕೂತಿದ್ದ ಸೆಲ್ವಂಗೆ ಸನ್ನೆ ಮಾಡಿದೆ. ಅವನ ಫೋನಿನಿಂದ ಪಿಟೀಲು ಕೊಯ್ಯತೊಡಗಿತು.

"ನಮ್ಮೆಜಮಾನ ಬೋ ತಮಾಸೆ ಮನ್ಸ," ಎಂದು ಆಕೆ ಶುರು ಮಾಡಿದಳು. "ಜೀವ್ಮಾನ ಪೂರಾ ಬಸ್ನಾಗೆ ನಿಂತ್ಕಂಡೇ ಓದ. ರೈಲ್ನಾಗೂ ನಿಂತ್ಕಂಡೇ ಓದ. ಕೂಲಿಯೋರ್ಗೆ ಯಾರ್ ಸೀಟ್ ಬುಡ್ತಾರೆ? ಅವತ್ತೊಂದಿನ ಈ ಗಾಡೀಲಿ ಕಾಲ್ ಚಾಚ್ಕಂಡು ಬಂದ ನೋಡಿ! ಊರ್ ಬರೋಗಂಟ ಒಬ್ರೂ ಎಬ್ಬಿಸ್ಲಿಲ್ಲ!"

ಜನ ಒಂದು ಕ್ಷಣ ನಗಬೇಕೋ ಬೇಡವೋ ಎಂದು ಪಕ್ಕದವರ ಮುಖ ನೋಡಿದರು. ವೆಂಕಟಮ್ಮನೇ ನಕ್ಕಳು. ಆಮೇಲೆ ಇಡೀ ಮಂಟಪ ನಕ್ಕಿತು.

"ಅಳಮ್ಮ!" ಎಂದು ನಾನು ಪಕ್ಕದಿಂದ ಪಿಸುಗುಟ್ಟಿದೆ. ಆಕೆಗೆ ಕೇಳಿಸಲಿಲ್ಲ.

"ನಾನು ಅವ್ನ್ ಪಕ್ದಾಗೇ ಕುಂತಿದ್ದೆ. ಬೆಳಗ್ಗಿಂದ ಒಟ್ಟೆಗ್ ಏನೂ ಇರ್ಲಿಲ್ಲ. ಡ್ರೈವರಪ್ಪ ದಾರೀಲಿ ಗಾಡಿ ನಿಲ್ಸಿ, ನಂಗೆ ಟೀ ಕುಡ್ಸಿ, ಬನ್ನು ಕೊಡ್ಸಿ, ಆಮ್ಯಾಕೆ ಗಾಡಿ ಬುಟ್ಟ. ಅಗೋ, ಅಲ್ಲೇ ಕುಂತವ್ನೆ. ಏನಪ್ಪಾ, ನೆಪ್ಪೈತಾ?"

ನೆನಪಿತ್ತು. ಸ್ಪೀಕರಿನ ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ, ಸೆಲ್ವಂ ಮುಖ ಮುಚ್ಚಿಕೊಂಡು ಅಳುತ್ತಿದ್ದ! ನಾನು ಇಷ್ಟು ಕಷ್ಟಪಟ್ಟು ತಯಾರಿಸಿದ ಕಣ್ಣೀರು ಪೂರ್ತಿ ತಪ್ಪು ಜಾಗದಲ್ಲಿ ಸುರಿಯುತ್ತಿತ್ತು. ಅಷ್ಟೇ ಆಗಿದ್ದರೆ ಸರಿ. ಅವನು ಫೋನು ನೋಡುವುದನ್ನು ಮರೆತ. ಪಿಟೀಲು ಮುಗಿಯಿತು. ಫೋನು ತನ್ನಷ್ಟಕ್ಕೆ ಮುಂದಿನ ಹಾಡಿಗೆ ಹಾರಿತು. ಅದು ಡೋಲು ಬಡಿಯುವ ತಮಿಳು ಕುತ್ತು ಕುಣಿತದ ಹಾಡು! ಊರಿಗಾಂ ಹುಡುಗರು ತಮ್ಮ ಸರದಿ ಬಂತೆಂದು ಶಿಳ್ಳೆ ಹೊಡೆಯುತ್ತ ವೇದಿಕೆಗೆ ನುಗ್ಗಿ ಕುಣಿದೇಬಿಟ್ಟರು. ವೆಂಕಟಮ್ಮ ಮೈಕು ನನ್ನ ಕೈಗೆ ಕೊಟ್ಟು, "ಸೆಂದಾಗ್ ಕುಣೀತಾವೆ ಉಡುಗ್ರು," ಎಂದು ಇಳಿದು ಹೋದಳು.

ಆದರೂ ಡಬ್ಬಗಳಿಗೆ ನೋಟು ಬೀಳತೊಡಗಿದವು. ಕೋಲಾಟ ಆಯಿತು, ಭಜನೆ ಆಯಿತು. ಎರಡು ಪಕ್ಷಗಳ ಗುಟ್ಟು ಚೆನ್ನಾಗಿಯೇ ಕೆಲಸ ಮಾಡಿತು. ತಮ್ಮ ತಮ್ಮವರಿಗೆ ಜನ ಪೈಪೋಟಿಯ ಮೇಲೆ ಓಟು ಹಾಕಿದರು. ಇನ್ನು ಫಲಿತಾಂಶ. ನಾನು ಗಂಟಲು ಸರಿಮಾಡಿಕೊಂಡೆ.

"ಇಂದು... ಈ ವೇದಿಕೆಯಿಂದ... ಹೊರನಡೆಯಲಿರುವ ತಂಡ..."

ನಿಲ್ಲಿಸಿದೆ. ಟಿವಿಯಲ್ಲಿ ಈ ಹೊತ್ತಿಗೆ ಎಲ್ಲರ ಮುಖವನ್ನೂ ಹತ್ತಿರದಿಂದ ತೋರಿಸುತ್ತಾರೆ. ನಾನೇ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದೆ. ಸಮಯ ಹಿಡಿಯಿತು.

"ಯೋಳಿ ಮೇಷ್ಟ್ರೇ, ಆಲ್ ಕರೆಯೋ ಒತ್ತಾಯ್ತು!" ಎಂದರು ಮುಂದಿನ ಸಾಲಿನಲ್ಲಿದ್ದ ಚೌಡಪ್ಪ.

"ಅದನ್ನು ತಿಳಿಯೋಣ... ಒಂದು ಸಣ್ಣ ವಿರಾಮದ ನಂತರ!"

ಇಲ್ಲಿ ಟಿವಿಗೂ ಕಲ್ಯಾಣ ಮಂಟಪಕ್ಕೂ ಇರುವ ಒಂದು ವ್ಯತ್ಯಾಸ ನನಗೆ ಹೊಳೆಯದೆ ಹೋಯಿತು. ಟಿವಿಯಲ್ಲಿ ವಿರಾಮ ಬಂದರೆ ನೋಡುವವನು ತನ್ನ ಮನೆಯಲ್ಲೇ ಇರುತ್ತಾನೆ. ನಮ್ಮಲ್ಲಿ ವಿರಾಮ ಕೊಟ್ಟರೆ ಅವನು ತನ್ನ ಮನೆಗೆ ಹೋಗುತ್ತಾನೆ!

"ಬುಡುವು ಕೊಟ್ರಂತೆ ಕಣ್ರಲಾ, ಏಳ್ರಿ, ಬಸ್ಸೈತೆ!" ಎಂದು ಯಾರೋ ಕೂಗಿದರು. ಕೋಲಾಟದ ತಂಡ ಎದ್ದಿತು, ಅವರ ಹಿಂದೆ ಅವರ ಇಡೀ ಹಳ್ಳಿ ಎದ್ದಿತು. ಅಧ್ಯಕ್ಷರೇ ಎದ್ದರು! ಹಾಲಿನ ಟೆಂಪೋ ಹತ್ತಿ, ಕೈ ಬೀಸಿ, ಹೊರಟೇಹೋದರು. ವೆಂಕಟಮ್ಮ ಮಾತ್ರ ಬಾಗಿಲಲ್ಲಿ ಯಾರೋ ಕೊಟ್ಟ ಕಾಫಿ ಕುಡಿಯುತ್ತ ನಿಂತಿದ್ದಳು.

ವಿರಾಮದ ನಂತರ ಅರ್ಧ ಮಂಟಪ ಖಾಲಿ. ಉಳಿದವರು ಊರಿಗಾಂ ಹುಡುಗರ ಕಡೆಯವರು ಮತ್ತು ನಮ್ಮ ಬೀದಿಯ ಹೆಂಗಸರು. ಡಬ್ಬಗಳನ್ನು ತೆರೆದು ನೋಡಿದೆ. ಕಡಿಮೆ ಓಟು ಬಿದ್ದಿದ್ದು ಭಜನಾ ತಂಡಕ್ಕೆ. ಪದ್ಮಳ ತಂಡಕ್ಕೆ!

ಇಂಥ ಹೊತ್ತಿನಲ್ಲಿ ಬುದ್ಧಿ ಇರುವ ಗಂಡಸು ಏನು ಮಾಡುತ್ತಾನೆ? ಎಣಿಕೆ ತಪ್ಪಾಗಿದೆ ಎನ್ನುತ್ತಾನೆ. ನಾನು ನಿಷ್ಪಕ್ಷಪಾತಿಯಾದೆ.

"ಹೊರನಡೆಯಲಿರುವ ತಂಡ... ಭಜನಾ ತಂಡ! ಜನರ ತೀರ್ಪೇ ಅಂತಿಮ!"

"ಯಾವ ಜನ ರೀ?" ಎಂದಳು ಪದ್ಮ. "ಜನ ಎಲ್ಲ ಬಸ್ ಹತ್ತಿ ಹೋದ್ರಲ್ಲ!"

"ನಮ್ಮ ತಂಡ ಹೊರಗಾದ್ರೆ ನಮ್ಮ ದುಡ್ಡು ಯಾಕೆ ಒಳಗೆ ಇರಬೇಕು?" ಎಂದು ಇನ್ನೊಬ್ಬರು ಎದ್ದರು. "ಓಟು ವಾಪಸ್ ಕೊಡಿ!"

ಹೆಂಗಸರು ಡಬ್ಬಕ್ಕೆ ಮುತ್ತಿಗೆ ಹಾಕಿದರು. ನಾನು ಬೆವರೊರೆಸಿಕೊಳ್ಳುತ್ತ ವಾಪಸ್ ಕೊಟ್ಟೆ. ಅದನ್ನು ಕಂಡ ಊರಿಗಾಂ ಹುಡುಗರ ಕಡೆಯವರು, ಅವರಿಗೆ ಕೊಟ್ಟರೆ ನಮಗೂ ಕೊಡಿ ಎಂದರು. ಅವರ ಡಬ್ಬವೂ ಹಗುರವಾಯಿತು. ಯಾರು ಎಷ್ಟು ಹಾಕಿದ್ದರೆಂದು ನೆನಪಿಲ್ಲದೆ, ಕೇಳಿದವರಿಗೆಲ್ಲ ಕೇಳಿದಷ್ಟು ಕೊಟ್ಟು ಕೋಲಾಟದವರ ಡಬ್ಬಕ್ಕೂ ಕೈ ಹಾಕಬೇಕಾಯಿತು. ಕೊನೆಗೆ ಉಳಿದದ್ದು ನಾನು ಬರೆದ ಹೂಬಳ್ಳಿ.

ಪದ್ಮ ತನ್ನ ತಾಳ ಎತ್ತಿಕೊಂಡು ನನ್ನ ಮುಂದೆ ಬಂದು ನಿಂತಳು. ಕೂಗಾಡಲಿಲ್ಲ. "ಮನೆಗೆ ಬನ್ನಿ," ಎಂದಳಷ್ಟೆ. ನನಗೆ ಮಂಟಪದಲ್ಲೇ ಉಳಿದುಬಿಡೋಣ ಎನ್ನಿಸಿತು.

ಮುಳುಗುವ ನನಗೆ ಉಳಿದಿದ್ದು ಕೊನೆಯ ಅಸ್ತ್ರ. ಅಚ್ಚರಿ! ನಾಲ್ಕು ಗಂಟೆ ದಾಟಿ ಎಷ್ಟೋ ಹೊತ್ತಾಗಿತ್ತೆಂಬುದು ನನ್ನ ಗಮನಕ್ಕೆ ಬರಲಿಲ್ಲ. ಹೊರಗಡೆ ಬ್ಯಾಂಡಿನ ಸದ್ದು ಕೇಳಿಸಿತು. ಸೆಲ್ವಂ ಏರ್ಪಾಡು ಮಾಡಿರಬೇಕು, ಜಾಣ, ಎಂದುಕೊಂಡೆ. ಬಾಗಿಲಲ್ಲಿ ನಿಂತು ಅವನು ಎರಡೂ ಕೈ ಬೀಸುತ್ತಿದ್ದ. ಅದನ್ನು ಪ್ರೋತ್ಸಾಹವೆಂದು ತಿಳಿದೆ.

"ಬಂಧುಗಳೇ!" ಎಂದೆ ಮೈಕಿನಲ್ಲಿ. ಹೊರಗಿನ ಸ್ಪೀಕರುಗಳೂ ಮೊಳಗಿದವು. "ಇಲ್ಲಿ ನೆರೆದಿರುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಏರಲೇಬೇಕಾದ ವಾಹನ... ಇದೋ ನಿಮ್ಮ ಮುಂದೆ!"

ಹಗ್ಗ ಎಳೆದೆ.

ಬ್ಯಾಂಡು ನಿಂತಿತು. ಆಮೇಲೆ ಹೆಂಗಸೊಬ್ಬರು ಕಿಟಾರನೆ ಕಿರುಚಿದರು. ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಬಾಗಿಲ ಮುಂದೆ ರೇಷ್ಮೆ ಸೀರೆ, ಬಿಳಿ ಪಂಚೆಗಳ ದೊಡ್ಡ ಗುಂಪು. ಹಣ್ಣಿನ ತಟ್ಟೆಗಳು. ಪೇಟ ಸುತ್ತಿದ ಮದುಮಗ. ವೀಡಿಯೋ ಕ್ಯಾಮೆರಾದವನು. ಹೂವಿನ ಹಾರ, ದೀಪಗಳಿಂದ ಜಗಮಗಿಸುತ್ತಿದ್ದ ನಮ್ಮ ಗಾಡಿಯ ಒಳಗೆ, ಶವದ ಜೊತೆಯವರು ಕೂರುವ ಬೆಂಚಿನ ಮೇಲೆ, ಮದುಮಗನ ಅಜ್ಜಿ ವಿರಾಜಮಾನರಾಗಿದ್ದರು!

ಮಂಡಿ ನೋವಿನ ಅಜ್ಜಿ ಬಸ್ಸಿನಿಂದ ಇಳಿದು ನಿಲ್ಲಲಾರದೆ, ಇದು ಮದುವೆಯ ಗಾಡಿಯೆಂದೇ ತಿಳಿದು ಹತ್ತಿ ಕೂತಿದ್ದರು. ಈಗ ಅವರ ತಲೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ "ಶವ ವಾಹನ". ಆ ಅಕ್ಷರಗಳನ್ನೂ ನಾನೇ ಬರೆದದ್ದು. ಬಹಳ ದೂರದಿಂದಲೂ ಕಾಣುವಂತೆ ಬರೆದಿದ್ದೆ!

ನಾನು ಹೊರಗೋಡಿದೆ. ಮಂಟಪದ ಮಾಲೀಕರು ನನ್ನನ್ನು ಹುಡುಕುತ್ತಿದ್ದರು. ಯಾರೋ "ಗಾಡಿ ತೆಗೀರಿ ಮೊದ್ಲು!" ಎಂದು ಚೀರಿದರು. ತೆಗೆಯುವುದು ಹೇಗೆ? ಇಂಜಿನ್ ಇಲ್ಲ, ಎಳೆದುತಂದ ಟೆಂಪೋ ಹಾಲಿಗೆ ಹೋಗಿದೆ!

ಮದುಮಗನ ತಂದೆ ಬಹಳ ಲಾರಿಗಳನ್ನು ಇಟ್ಟಿದ್ದ ದೊಡ್ಡ ಕುಳ. ಕೆಂಪಗಾಗಿ ಬಂದು ತಾಯಿಯ ಕೈ ಹಿಡಿದರು. "ಅಮ್ಮಾ, ದಿಗಮ್ಮಾ! ಇಳಿಯಮ್ಮಾ, ಅಪಶಕುನ!"

"ಉಂಡರಾ," ಎಂದರು ಅಜ್ಜಿ ತೆಲುಗಿನಲ್ಲಿ. ಇರೋ ಮಾರಾಯ ಎಂಬ ಧ್ವನಿ. ತಲೆಯೆತ್ತಿ ಗಾಡಿಯ ಒಳಗನ್ನೆಲ್ಲ ನೋಡುತ್ತಿದ್ದರು. ಮುಖದಲ್ಲಿ ಭಯವಿರಲಿಲ್ಲ. ಹೊಸ ಮನೆಗೆ ಬಂದವರ ಕುತೂಹಲ. "ಇದರಾಗೆ ಮನಿಸ್ನ ಎಲ್ಲಿ ಮಲಗಿಸ್ತಾರು?"

ವೆಂಕಟಮ್ಮ ಕಾಫಿ ಲೋಟ ಕೆಳಗಿಟ್ಟು, ಗಾಡಿ ಹತ್ತಿ, ಅಜ್ಜಿಯ ಪಕ್ಕ ಕೂತಳು. "ಇಲ್ಲೇ ಕಣಮ್ಮಾ, ನಮ್ ಕಾಲ್ದತ್ರ. ನಮ್ಮೆಜಮಾನ ಇಲ್ಲೇ ಮನಗಿದ್ದ."

"ಬಾಡಿಗೆ ಎಷ್ಟು ತಗೊಂಡ್ರು?"

"ಏನಿಲ್ಲ. ನಮ್ ಕೈಲೆಲ್ಲೈತಮ್ಮಾ?"

"ಮತ್ತೆ ಈಗ್ಯಾಕ್ ನಿಂತೈತೆ?"

"ಇಂಜಿನ್ ಓಗ್ಬುಟ್ಟೈತಂತೆ. ಮೊನ್ನೆ ನಮ್ಮೂರಾಗೆ ಒಬ್ರು ಓದ್ರು. ಟೊಮೇಟೊ ಸಾಗ್ಸೋ ಗಾಡೀಲಿ ತಂದ್ರು. ಕ್ರೇಟ್ ಪಕ್ದಾಗೆ."

ಅಜ್ಜಿ ತಮ್ಮ ಕಾಲ ಬಳಿಯ ಜಾಗವನ್ನು ಒಂದು ಸಲ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ನಿನ್ಹತ್ರ ಅಷ್ಟ್ ಲಾರಿ ಐತೆ. ಇದಕ್ಕೊಂದು ಇಂಜಿನ್ ಹಾಕ್ಸು."

"ಆಯ್ತಮ್ಮಾ, ಆಮೇಲೆ ನೋಡೋಣ. ಮೊದ್ಲು ಇಳಿ."

"ಮಾಟ ಇಯ್ಯರಾ. ಮಾತು ಕೊಡು, ಇಳೀತೀನಿ. ಇಲ್ದಿದ್ರೆ ನಾನು ಇಲ್ಲೇ ಇರ್ತೀನಿ, ನೀವು ಓಗಿ ಮದುವೆ ಮಾಡ್ಕಳ್ಳಿ."

ಮದುಮಗನ ತಂದೆ ಸುತ್ತ ನೋಡಿದರು. ಬೀಗರೆಲ್ಲ ಬಾಯಿಬಿಟ್ಟುಕೊಂಡು ನಿಂತಿದ್ದರು. ವೀಡಿಯೋದವನು ದೀಪವನ್ನು ನೇರ ಅವರ ಮುಖಕ್ಕೇ ಹಿಡಿದಿದ್ದ. ಪಿಟೀಲು ಇರಲಿಲ್ಲ. ನಾನು ಮೈಕಿನಲ್ಲಿ ನಿಲ್ಲಿಸಿದ್ದಕ್ಕಿಂತ ಬಹಳ ದೊಡ್ಡ ವಿರಾಮ ಅದು. ಈ ಸಲ ಒಬ್ಬರೂ ಬಸ್ಸಿಗೆ ಹೋಗಲಿಲ್ಲ.

"ಹಾಕಿಸ್ತೀನಮ್ಮಾ. ನಿನ್ನಾಣೆ."

ಅಜ್ಜಿ ಒಂದು ಕೈಯನ್ನು ಮಗನಿಗೂ ಇನ್ನೊಂದನ್ನು ವೆಂಕಟಮ್ಮನಿಗೂ ಕೊಟ್ಟು ನಿಧಾನವಾಗಿ ಇಳಿದರು. ಬ್ಯಾಂಡಿನವರಿಗೆ ಏನು ಬಾರಿಸಬೇಕೋ ತಿಳಿಯಲಿಲ್ಲ. ಮದುಮಗನೂ ಅವನ ಗೆಳೆಯರೂ ಊರಿಗಾಂ ಹುಡುಗರೂ ಸೇರಿ ಗಾಡಿಯನ್ನು ಪಕ್ಕದ ರಸ್ತೆಗೆ ನೂಕಿದರು. ಹೂವಿನ ಹಾರಗಳನ್ನು ಮಾತ್ರ ಮಾಲೀಕರು ಕಿತ್ತು ನನ್ನ ಕೈಗೇ ಕೊಟ್ಟರು. ಕೊರಳಿಗೆ ಹಾಕಲಿಲ್ಲ, ಅದು ಅವರ ದೊಡ್ಡತನ.

ಮಾತು ಕೊಟ್ಟವರು ತಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಅವರ ಮೆಕ್ಯಾನಿಕ್ಕೇ ಇಂಜಿನ್ ತಂದು ಕೂರಿಸಿಕೊಟ್ಟ. ಸೆಲ್ವಂ ಗಾಡಿ ಸ್ಟಾರ್ಟ್ ಮಾಡಿ, ಆ ಸದ್ದಿಗೆ ಮತ್ತೆ ಕಣ್ಣೊರೆಸಿಕೊಂಡ. ಈ ಅಜ್ಜಿ ಯಾಕೆ ಕೊಡಿಸಿದರು, ಅದಕ್ಕೆ ಮುಂಚೆ ಅಷ್ಟು ಬಾಗಿಲು ಬಡಿದರೂ ಯಾಕೆ ಯಾರೂ ಕೊಡಲಿಲ್ಲ ಎಂದು ನಾನು ಬಹಳ ಯೋಚಿಸಿದೆ. ನಮ್ಮ ಗಾಡಿಯ ಒಳಗೆ ಹೇಗಿದೆ ಎಂದು ಅಜ್ಜಿಗಿಂತ ಮೊದಲು ಒಬ್ಬರೂ ನಮ್ಮನ್ನು ಕೇಳಿರಲಿಲ್ಲ. ನಾವೂ ಯಾರಿಗೂ ತೋರಿಸಿರಲಿಲ್ಲ. ಇದನ್ನು ಪದ್ಮಳಿಗೆ ವಿವರಿಸಲು ಹೋದೆ. ಅವಳು ಆಗಿನ್ನೂ ನನ್ನೊಡನೆ ಅಗತ್ಯಕ್ಕೆ ತಕ್ಕಷ್ಟೇ ಮಾತಾಡುತ್ತಿದ್ದಳು. "ಅನ್ನ ಹಾಕ್ಲಾ?" ಎಂದಳು.

ಈಗ ಗಾಡಿ ಚೆನ್ನಾಗಿ ಓಡುತ್ತಿದೆ. ನಮ್ಮ ಸಂಘದ ಹೆಸರು ಕುಪ್ಪಂವರೆಗೂ ಹರಡಿದೆ. ಮೊನ್ನೆ ಸೆಲ್ವಂ ನಮ್ಮ ಮನೆಯಲ್ಲಿ ಕೂತಿದ್ದಾಗ ಯಾವುದೋ ಹಳ್ಳಿಯಿಂದ ಫೋನು ಬಂತು. ಆಚೆ ಕಡೆಯ ಮಾತು ನನಗೆ ಕೇಳಿಸುತ್ತಿರಲಿಲ್ಲ. ಸೆಲ್ವಂ ವಿಳಾಸ ಕೇಳಿಕೊಂಡ, ಈಗಲೇ ಹೊರಡುತ್ತೇನೆ ಎಂದ. ಆಮೇಲೆ ನನ್ನ ಕಡೆ ಒಂದು ಸಲ ನೋಡಿ, ಬೆನ್ನು ತಿರುಗಿಸಿ, ದನಿ ತಗ್ಗಿಸಿದ.

"ಇಲ್ಲಮ್ಮಾ, ಎದರ್ಕೋಬೇಡಿ. ಮೈಕ್ ಸಾರ್ ಬರಲ್ಲ. ನಾನೊಬ್ನೇ ಬತ್ತೀನಿ."